ಮುಖ ನೋಡಿ ಮಣೆ, ಫೋನು ನೋಡಿ ದರ?

ಒಂದೇ ಬೀದಿಯ ಒಂದೇ ಮೂಲೆಯಲ್ಲಿ ನಿಂತು, ಒಂದೇ ಸ್ಥಳಕ್ಕೆ ಹೋಗಬೇಕೆನ್ನುವ ಇಬ್ಬರು ಪ್ರಯಾಣಿಕರಿಗೆ, ಅವರವರ ಕೈಯಲ್ಲಿರುವ ಮೊಬೈಲ್ ಫೋನಿನ ಜಾತಿಯನ್ನು ನೋಡಿ ಬೇರೆ ಬೇರೆ ಬಾಡಿಗೆಯನ್ನು ಹೇಳಲಾಗುತ್ತಿದೆಯೆಂಬ ದೂರು 2024ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ದೇಶದಲ್ಲೆಲ್ಲ ಹಬ್ಬಿತು. ಐಫೋನ್ ಹಿಡಿದವನಿಗೆ ಒಂದು ದರ, ಆಂಡ್ರಾಯ್ಡ್ ಫೋನು ಹಿಡಿದವನಿಗೆ ಇನ್ನೊಂದು ದರ ಎಂಬುದೇ ಆ ದೂರಿನ ಸಾರಾಂಶವಾಗಿತ್ತು. 2025ನೆಯ ಇಸವಿಯ ಜನವರಿ 23ರಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಮಂತ್ರಿಗಳೂ, ಧಾರವಾಡ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದವರೂ ಆದ ಶ್ರೀ ಪ್ರಹ್ಲಾದ ಜೋಶಿಯವರು, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಈ ವಿಷಯದಲ್ಲಿ ಓಲಾ ಮತ್ತು ಊಬರ್ ಕಂಪನಿಗಳಿಗೆ ನೋಟೀಸು ಕೊಟ್ಟಿರುವುದೆಂದು ಪ್ರಕಟಿಸಿದರು. ಈ ಎರಡು ಕಂಪನಿಗಳಲ್ಲಿ ಮೊದಲನೆಯದರ ಮುಖ್ಯ ಕಚೇರಿಯು ಬೆಂಗಳೂರಿನಲ್ಲಿಯೇ ಇದೆ. ಎರಡನೆಯದು 2013ರಲ್ಲಿ ಭರತಖಂಡಕ್ಕೆ ಕಾಲಿಟ್ಟದ್ದೂ ಬೆಂಗಳೂರಿನಲ್ಲಿಯೇ. ಆದುದರಿಂದ ಈ ಪ್ರಶ್ನೆಯು ದೆಹಲಿಯ ಕಚೇರಿಗಳಿಗೆ ಮಾತ್ರ ಸೇರಿದ್ದೆಂದು ಕನ್ನಡಿಗರು ಕೈಕಟ್ಟಿ ಕೂಡ್ರುವಂತಿಲ್ಲ.

ಎರಡು ಕಂಪನಿಗಳೂ ಆರೋಪವನ್ನು ಸ್ಪಷ್ಟವಾಗಿ ಅಲ್ಲಗಳೆದವು. ತನ್ನ ಗ್ರಾಹಕರೆಲ್ಲರಿಗೂ ಒಂದೇ ದರಪದ್ಧತಿಯಿದೆಯೆಂದು ಓಲಾ ಹೇಳಿತು. ಪ್ರಯಾಣಿಕನ ಫೋನನ್ನು ತಯಾರಿಸಿದವರು ಯಾರೆಂಬುದನ್ನು ನೋಡಿ ತಾನು ದರವನ್ನು ಗೊತ್ತುಮಾಡುವುದಿಲ್ಲವೆಂದು ಊಬರ್ ಹೇಳಿತು. ಆರೋಪವು ಸಪ್ರಮಾಣವಾಗಿ ಸಿದ್ಧವಾಗುವ ತನಕ ಯಾರನ್ನೂ ಅಪರಾಧಿಯೆಂದು ಕರೆಯುವುದು ಪತ್ರಿಕಾಧರ್ಮವಲ್ಲ. ನಾವು ಹಾಗೆ ಕರೆಯುವುದೂ ಇಲ್ಲ. ಆದರೆ ಈ ಪ್ರಕರಣದ ಹಿಂದೆ ಇದಕ್ಕಿಂತಲೂ ದೊಡ್ಡದಾದ ಪ್ರಶ್ನೆಯೊಂದು ನಿಂತಿದೆ. ಮಾರುವವನಿಗೆ ಕೊಳ್ಳುವವನ ವಿಷಯದಲ್ಲಿ ಎಷ್ಟು ತಿಳಿದಿರಬೇಕು? ತಿಳಿದುದನ್ನು ಅವನು ಯಾವ ಕೆಲಸಕ್ಕೆ ಉಪಯೋಗಿಸಬಹುದು? ಉಪಯೋಗಿಸಿದನೋ ಇಲ್ಲವೋ ಎಂಬುದನ್ನು ಪರೀಕ್ಷಿಸಿ ನೋಡುವ ಅಧಿಕಾರವು ಯಾರ ಕೈಯಲ್ಲಿರಬೇಕು? ಈ ಮೂರು ಪ್ರಶ್ನೆಗಳನ್ನು ಕುರಿತು ಇಂದು ವಾಚಕರೊಡನೆ ವಿಚಾರ ಮಾಡಲು ಇಚ್ಛಿಸುತ್ತೇವೆ.

ಮೊದಲು, ಫೋನಿನ ಗುರುತು ಆ್ಯಪಿಗೆ ಹೇಗೆ ಸಿಕ್ಕುತ್ತದೆಯೆಂಬುದನ್ನು ತಿಳಿದುಕೊಳ್ಳುವುದು ಅವಶ್ಯಕ. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ಐಫೋನಿಗಾಗಿ ಬರೆದ ಆ್ಯಪು ಬೇರೆ, ಆಂಡ್ರಾಯ್ಡಿಗಾಗಿ ಬರೆದ ಆ್ಯಪು ಬೇರೆ. ಆದುದರಿಂದ ಯಾವ ಬಾಗಿಲಿನಿಂದ ಕೋರಿಕೆ ಬಂದಿತೆಂಬುದು ಕಂಪನಿಯ ಸರ್ವರಿಗೆ ತಾನಾಗಿಯೇ ಗೊತ್ತಿರುತ್ತದೆ. ಅದಕ್ಕಿಂತ ಮುಂದೆ ಹೋಗಬೇಕೆಂದರೆ, ಫೋನನ್ನೇ ನಡೆಸುವ ಮೂಲವ್ಯವಸ್ಥೆಯನ್ನು ಆ್ಯಪು ಒಂದು ಮಾತು ಕೇಳಿದರೆ ಸಾಕು. ಆಂಡ್ರಾಯ್ಡ್ ವ್ಯವಸ್ಥೆಯು ತಯಾರಕನ ಹೆಸರನ್ನೂ, ಮಾದರಿಯ ಹೆಸರನ್ನೂ, ವ್ಯವಸ್ಥೆಯ ಆವೃತ್ತಿಯನ್ನೂ ಒಪ್ಪಿಸುತ್ತದೆ. ಆ್ಯಪಲ್ ಕಂಪನಿಯ ಸಾಧನಗಳಲ್ಲಿ ಇದು ಫೋನೋ ಐಪ್ಯಾಡೋ ಎಂಬುದು ಒಂದು ಪ್ರಶ್ನೆಗೆ ತಿಳಿಯುತ್ತದೆ. ಇನ್ನೊಂದು ಪ್ರಶ್ನೆಗೆ ಒಳಸಂಕೇತವೇ ದೊರೆಯುತ್ತದೆ. 'ಐಫೋನ್14,5' ಎಂಬ ಸಂಕೇತ ಬಂದರೆ ಅಂಗಡಿಯಲ್ಲಿ ಐಫೋನ್ 13 ಎಂದು ಮಾರಾಟವಾದ ಫೋನು ಎಂದರ್ಥ. ಆಂಡ್ರಾಯ್ಡಿನಲ್ಲಿ ಫೋನಿಗೂ ಟ್ಯಾಬ್ಲೆಟ್ಟಿಗೂ ಇರುವ ಭೇದವನ್ನು ಸಾಮಾನ್ಯವಾಗಿ ಪರದೆಯ ಅಗಲದಿಂದ ಎಣಿಸುತ್ತಾರೆ. ಅತಿ ಕಿರಿದಾದ ಬದಿಯು 600 ಮಾನಗಳಷ್ಟಿದ್ದರೆ ಅದು ಟ್ಯಾಬ್ಲೆಟ್ಟೆಂದು ಗ್ರಹಿಸುವುದು ರೂಢಿ.

ಹೀಗೆ ಕೇಳುವುದು ತಪ್ಪೇ ಎಂದರೆ, ಅಲ್ಲ. ಅಂಗೈಯಗಲದ ಪರದೆಗೆ ತಕ್ಕಂತೆ ಬರೆದ ಪುಟವನ್ನು ಹಲಗೆಯಷ್ಟು ದೊಡ್ಡ ಪರದೆಯ ಮೇಲೆ ಹಾಗೆಯೇ ಹರಡಿದರೆ ಓದುವವನಿಗೆ ಕಷ್ಟವಾಗುವುದು. ಹಳೆಯ ಫೋನಿಗೆ ಭಾರವಾದ ಚಿತ್ರಗಳನ್ನು ಕಳಿಸಿದರೆ ಅದು ಮುಗ್ಗರಿಸುವುದು. ಒಂದು ಮಾದರಿಯ ಫೋನಿನಲ್ಲಿ ಮಾತ್ರ ಆ್ಯಪು ಕೆಟ್ಟುನಿಲ್ಲುತ್ತಿದ್ದರೆ, ಮಾದರಿಯ ಹೆಸರು ತಿಳಿಯದೆ ಅದನ್ನು ದುರಸ್ತಿ ಮಾಡುವುದು ಸಾಧ್ಯವಿಲ್ಲ. ನಾವು ದಿನಂಪ್ರತಿ ಉಪಯೋಗಿಸುವ ಯುಪಿಐ ಹಣಪಾವತಿಯಲ್ಲಿ ಖಾತೆಯನ್ನು ಒಂದು ಫೋನಿಗೂ ಅದರ ಸಿಮ್ಮಿಗೂ ಕಟ್ಟಿಹಾಕಿರುವುದರಿಂದಲೇ, ದೂರದಲ್ಲಿ ಕುಳಿತ ವಂಚಕನು ಗುಪ್ತಸಂಖ್ಯೆಯನ್ನು ಮಾತ್ರ ಕದ್ದು ನಮ್ಮ ಹಣವನ್ನು ಎತ್ತಲಾರನು. ಆದಕಾರಣ ಸಾಧನವನ್ನು ಗುರುತಿಸುವ ವಿದ್ಯೆಯೇ ಪಾಪವೆಂದು ಕೂಗುವವರ ಗುಂಪಿಗೆ ನಾವು ಸೇರಿದವರಲ್ಲ. ವೈದ್ಯನು ನಾಡಿಯನ್ನು ಹಿಡಿದು ನೋಡಲೇಬೇಕು. ಆದರೆ ಹಿಡಿದ ಕೈಯಲ್ಲಿ ಚಿನ್ನದ ಬಳೆಯಿದೆಯೇ ಎಂದು ನೋಡಿ ಔಷಧದ ಬೆಲೆಯನ್ನು ಹೇಳತಕ್ಕದ್ದಲ್ಲ.

ಇಲ್ಲಿ ವಾಚಕರು ಲಕ್ಷ್ಯವಿಟ್ಟು ಗಮನಿಸತಕ್ಕ ಸಂಗತಿಯೊಂದಿದೆ. ಆ್ಯಪು ನಮ್ಮ ಕ್ಯಾಮೆರಾವನ್ನು ಬಯಸಿದರೆ ಅನುಮತಿ ಬೇಡುತ್ತದೆ. ನಾವು ಇರುವ ಸ್ಥಳವನ್ನು ಬಯಸಿದರೆ ಅನುಮತಿ ಬೇಡುತ್ತದೆ. ನಮ್ಮ ಪರಿಚಿತರ ನಂಬರುಗಳ ಪಟ್ಟಿಯನ್ನು ಬಯಸಿದರೂ ಬೇಡುತ್ತದೆ. ಫೋನಿನ ಮಾದರಿಯನ್ನು ತಿಳಿಯಲು ಮಾತ್ರ ಅನುಮತಿಯನ್ನೇ ಬೇಡುವುದಿಲ್ಲ. ತಿಳಿದುಕೊಂಡೆನೆಂದು ಹೇಳುವುದೂ ಇಲ್ಲ. ಬೇಡವೆನ್ನಲು ಬಳಕೆದಾರನಿಗೆ ಒಂದು ಗುಂಡಿಯನ್ನೂ ಇಟ್ಟಿಲ್ಲ. ಪರದೆಯ ಅಳತೆಯನ್ನು ತಿಳಿಯಲು ನಿರಪಾಯಕರವೆಂದು ತೆರೆದಿಟ್ಟ ಬಾಗಿಲಿದು. ಅದೇ ಬಾಗಿಲಿನಿಂದ ಗಿರಾಕಿಯ ಜೇಬಿನ ಅಳತೆಯನ್ನೂ ತೆಗೆಯಬಹುದೆಂಬುದು ಅನಂತರ ಹೊಳೆದ ಮಾತು.

ಗುರುತಿನ ವಿದ್ಯೆಯು ಮಾದರಿಯ ಹೆಸರಿಗೆ ನಿಲ್ಲಲಿಲ್ಲವೆಂಬುದೂ ಇತಿಹಾಸದಿಂದ ತಿಳಿದುಬರುತ್ತದೆ. ಇಂಥ ಮಾದರಿಯ ಫೋನು ಎಂಬುದರಿಂದ ಇದೇ ಫೋನು, ಇವನದೇ ಫೋನು ಎಂಬಲ್ಲಿಗೆ ಅದು ಬೆಳೆಯಿತು. ಪ್ರತಿ ಫೋನಿಗೂ ಇದ್ದ ಶಾಶ್ವತ ಸಂಖ್ಯೆಯನ್ನು ಆ್ಯಪುಗಳು ಓದತೊಡಗಿದಾಗ, 2013ರಲ್ಲಿ ಆ್ಯಪಲ್ ಕಂಪನಿಯು ಅಂಥ ಆ್ಯಪುಗಳನ್ನು ಸ್ವೀಕರಿಸುವುದನ್ನು ನಿಲ್ಲಿಸಿತು. 2019ರಲ್ಲಿ ಬಂದ ಆಂಡ್ರಾಯ್ಡ್ 10, ಫೋನಿನ 15 ಅಂಕೆಗಳ ಐಎಂಇಐ ಸಂಖ್ಯೆಯನ್ನು ಸಾಮಾನ್ಯ ಆ್ಯಪುಗಳಿಂದ ಮರೆಮಾಡಿತು. ಅಲ್ಲಿಗೂ ಬಿಡದೆ, ಸಣ್ಣ ಸಣ್ಣ ಚಿಹ್ನೆಗಳನ್ನು ಒಟ್ಟುಗೂಡಿಸಿ ಬೆರಳಚ್ಚಿನಂಥ ಗುರುತನ್ನು ಕಟ್ಟುವ ಉಪಾಯವು ಹುಟ್ಟಿತು: ಮಾದರಿ, ಭಾಷೆ, ಉಳಿದಿರುವ ಜಾಗ, ಫೋನು ಹೊತ್ತಿಕೊಂಡ ವೇಳೆ ಇತ್ಯಾದಿ. ಒಂದೊಂದೂ ಕ್ಷುಲ್ಲಕ, ಕೂಡಿದರೆ ಒಬ್ಬನೇ ಮನುಷ್ಯನನ್ನು ಬೆರಳಿಟ್ಟು ತೋರಿಸಬಲ್ಲವು. 2022ರ ತನಕ ಐಫೋನಿಗೆ ಅದರ ಒಡೆಯನು ಇಟ್ಟ ಹೆಸರು, ಅಂದರೆ ಬಹುಮಟ್ಟಿಗೆ ಒಡೆಯನದೇ ಹೆಸರು, ಕೇಳಿದ ಆ್ಯಪಿಗೆಲ್ಲ ದೊರೆಯುತ್ತಿತ್ತೆಂದರೆ ಅನೇಕರಿಗೆ ಆಶ್ಚರ್ಯವಾದೀತು. 2023ರಿಂದ ಗೂಗಲ್‌ನ ಕ್ರೋಮ್ ಬ್ರೌಸರು ಆಂಡ್ರಾಯ್ಡ್ ಫೋನುಗಳ ಮಾದರಿಯ ಹೆಸರನ್ನು ತನ್ನ ಪರಿಚಯವಾಕ್ಯದಿಂದ ತೆಗೆದುಹಾಕಿ, ಎಲ್ಲಕ್ಕೂ 'ಕೆ' ಎಂಬ ಒಂದೇ ಅಕ್ಷರವನ್ನು ಇಟ್ಟಿತು. 2024ರ ಮೇ ತಿಂಗಳಿನಿಂದ ಆ್ಯಪಲ್, ಕೆಲವು ಚಿಹ್ನೆಗಳನ್ನು ಏತಕ್ಕೆ ಓದುತ್ತೀರೆಂಬುದಕ್ಕೆ ಕಾರಣವನ್ನು ಬರೆದುಕೊಡಬೇಕೆಂದು ಆ್ಯಪು ಬರೆಯುವವರನ್ನು ಕೇಳತೊಡಗಿತು.

ಇವೆಲ್ಲ ಒಳ್ಳೆಯ ಕ್ರಮಗಳೇ. ಆದರೆ ಇವನ್ನು ಮಾಡಿದವರು ಯಾರು? ಪ್ರಜೆಗಳಿಂದ ಆರಿಸಿ ಬಂದ ಶಾಸನಸಭೆಗಳಲ್ಲ. ಎರಡು ಅಮೇರಿಕನ್ ಕಂಪನಿಗಳು. 2017ರ ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯು ಪ್ರಕಟಿಸಿದ ವರದಿಯೊಂದು ಇಲ್ಲಿ ಸ್ಮರಣಾರ್ಹವಾಗಿದೆ. ಆ್ಯಪನ್ನು ಅಳಿಸಿ, ಫೋನನ್ನೇ ಪೂರ್ತಿಯಾಗಿ ಒರೆಸಿದ ಮೇಲೆಯೂ ಇದು ಅದೇ ಐಫೋನೆಂದು ಕಂಡುಹಿಡಿಯುವ ತಂತ್ರವನ್ನು ಊಬರ್ ತನ್ನ ಆ್ಯಪಿನಲ್ಲಿ ಸೇರಿಸಿತ್ತೆಂದೂ, ಆ್ಯಪಲ್ಲಿನ ಮುಖ್ಯ ಕಚೇರಿಯಿರುವ ಕ್ಯುಪರ್ಟಿನೋ ಊರಿನ ಸುತ್ತು ಆ ತಂತ್ರವು ಕಾಣದಂತೆ ಏರ್ಪಾಡು ಮಾಡಿತ್ತೆಂದೂ, 2015ರ ಆರಂಭದಲ್ಲಿ ಆ್ಯಪಲ್ಲಿನ ಮುಖ್ಯಸ್ಥರಾದ ಟಿಮ್ ಕುಕ್ ಅವರು ಊಬರಿನ ಆಗಿನ ಮುಖ್ಯಸ್ಥರಾದ ಟ್ರಾವಿಸ್ ಕಲಾನಿಕ್ ಅವರನ್ನು ಕರೆಸಿ ಗದರಿಸಿದರೆಂದೂ ಅದರಲ್ಲಿತ್ತು. ಕದ್ದ ಫೋನುಗಳಿಂದ ಸುಳ್ಳು ಪ್ರಯಾಣಗಳನ್ನು ಸೃಷ್ಟಿಸುವ ಮೋಸವನ್ನು ತಡೆಯಲೆಂದೇ ಹಾಗೆ ಮಾಡಿದುದೆಂದು ಕಂಪನಿಯು ಸಮಾಧಾನ ಹೇಳಿತು. ಉದ್ದೇಶವು ಯೋಗ್ಯವಾಗಿಯೇ ಇದ್ದಿರಬಹುದು. ಆದರೂ ಬಚ್ಚಿಡುವ ಅವಶ್ಯಕತೆ ಬಿದ್ದಿತೆಂಬುದೂ, ಅದನ್ನು ಕಂಡುಹಿಡಿದು ನಿಲ್ಲಿಸಿದುದು ಇನ್ನೊಂದು ವ್ಯಾಪಾರದ ಮನೆಯೇ ಎಂಬುದೂ ನಮ್ಮನ್ನು ಎಚ್ಚರಿಸಬೇಕು. ಇಬ್ಬರು ಸಾಹುಕಾರರು ಪರಸ್ಪರ ಕಾವಲು ಕಾಯುವುದನ್ನು ಪ್ರಜೆಯ ರಕ್ಷಣೆಯೆಂದು ತಿಳಿಯುವುದು ಭೋಳೆತನ.

ಇನ್ನು ಗುರುತಿನಿಂದ ದರಕ್ಕೆ ಬರೋಣ. ಯಂತ್ರದ ಗುರುತನ್ನು ನೋಡಿ ಮಾಲನ್ನು ಮುಂದಿಡುವ ಪದ್ಧತಿಯು ಕಟ್ಟುಕಥೆಯಲ್ಲ. 2012ರ ಜೂನ್ ತಿಂಗಳಲ್ಲಿ ಅಮೇರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಆರ್ಬಿಟ್ಜ್ ಎಂಬ ಪ್ರವಾಸ ಕಂಪನಿಯ ವಿಷಯವನ್ನು ಹೊರಗೆಡಹಿತು. ಆ್ಯಪಲ್ ಗಣಕಗಳನ್ನು ಬಳಸುವವರು ಹೋಟೆಲ್ಲಿನ ಒಂದು ರಾತ್ರಿಗೆ ಉಳಿದವರಿಗಿಂತ ನೂರಕ್ಕೆ 30ರಷ್ಟು ಹೆಚ್ಚು ವೆಚ್ಚ ಮಾಡುವರೆಂದು ಆ ಕಂಪನಿಯು ಕಂಡುಕೊಂಡು, ಅಂಥವರಿಗೆ ದುಬಾರಿ ಹೋಟೆಲುಗಳನ್ನು ಮೊದಲು ತೋರಿಸತೊಡಗಿತ್ತು. ಒಂದೇ ಕೋಣೆಗೆ ಎರಡು ಬೆಲೆಯನ್ನು ಹೇಳಲಿಲ್ಲವೆಂಬುದನ್ನೂ ನ್ಯಾಯಕ್ಕಾಗಿ ಹೇಳಬೇಕು. ಮುಖ ನೋಡಿ ಮಣೆ ಹಾಕಿತು, ಅಷ್ಟೆ. 2014ರಲ್ಲಿ ನಾರ್ತ್ ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 16 ಮಾರಾಟದ ತಾಣಗಳನ್ನು ಪರೀಕ್ಷಿಸಿದಾಗ, ಹೋಮ್ ಡಿಪೋ ಎಂಬ ಅಂಗಡಿಯು ಮೊಬೈಲಿನಿಂದ ಬಂದವರಿಗೆ ಹೆಚ್ಚು ಬೆಲೆಯ ವಸ್ತುಗಳನ್ನು ತೋರಿಸುತ್ತಿದ್ದುದೂ, ಟ್ರಾವೆಲಾಸಿಟಿ ಎಂಬ ಕಂಪನಿಯು ಆ್ಯಪಲ್ ಮೊಬೈಲಿನವರಿಗೆ ಕೆಲವು ಹೋಟೆಲುಗಳಲ್ಲಿ ಸೋಡಿಯನ್ನು ಕೊಡುತ್ತಿದ್ದುದೂ ಕಂಡುಬಂದವು. ಇವಕ್ಕಿಂತ ಹಿಂದೆ, 2000ನೆಯ ಇಸವಿಯಲ್ಲಿ, ಅಮೆಜಾನ್ ಕಂಪನಿಯು ಚಲಚ್ಚಿತ್ರದ ಡಿವಿಡಿಗಳಿಗೆ ಬೇರೆ ಬೇರೆಯವರಿಗೆ ಬೇರೆ ಬೇರೆ ಬೆಲೆಯನ್ನು ಹೇಳಿ ಪರೀಕ್ಷಿಸಿದಾಗ ಗ್ರಾಹಕರು ಕೋಪಗೊಂಡರು. ಅದು ಮನಬಂದಂತೆ ಹಂಚಿದ ಪರೀಕ್ಷೆಯೆಂದೂ, ಯಾರ ವೈಯಕ್ತಿಕ ಸಂಗತಿಯನ್ನೂ ನೋಡಿ ಮಾಡಿದುದಲ್ಲವೆಂದೂ ಹೇಳಿ ಕಂಪನಿಯು ಹೆಚ್ಚುವರಿ ಹಣವನ್ನು ಮರಳಿ ಕೊಡಬೇಕಾಯಿತು.

2016ರಲ್ಲಿ ಇನ್ನೊಂದು ವಿಚಿತ್ರ ಸಂಗತಿಯು ಬೆಳಕಿಗೆ ಬಂದಿತು. ಫೋನಿನ ಬ್ಯಾಟರಿಯು ಮುಗಿಯುತ್ತ ಬಂದಿರುವ ಪ್ರಯಾಣಿಕರು ಏರಿದ ದರಕ್ಕೂ ಒಪ್ಪುವ ಸಂಭವವು ಹೆಚ್ಚೆಂದು ಊಬರಿನ ಅರ್ಥಶಾಸ್ತ್ರ ಸಂಶೋಧನೆಯ ಮುಖ್ಯಸ್ಥರಾದ ಕೀತ್ ಚೆನ್ ಅವರು ರೇಡಿಯೋದಲ್ಲಿ ಹೇಳಿದರು. ಅದನ್ನು ದರಕ್ಕೆ ಉಪಯೋಗಿಸುವುದಿಲ್ಲವೆಂದೂ ಅವರೇ ಕೂಡಲೆ ಸ್ಪಷ್ಟಪಡಿಸಿದರು. ಆ ಮಾತನ್ನು ನಾವು ಅನುಮಾನಿಸುವುದಿಲ್ಲ. ಆದರೆ ರಾತ್ರಿ ಹತ್ತು ಗಂಟೆಗೆ, ಮಳೆಯಲ್ಲಿ, ಫೋನು ಆರಿಹೋಗುವ ಮೊದಲೇ ಮನೆ ಸೇರಬೇಕೆಂದು ಪೇಚಾಡುವ ಹೆಣ್ಣುಮಗಳ ಕಷ್ಟವು ಎಲ್ಲಿಯೋ ಒಂದು ಯಂತ್ರಕ್ಕೆ ಅಂಕಿಯಾಗಿ ತಿಳಿದಿದೆಯೆಂಬುದೇ ಸಾಕಷ್ಟು ಗಂಭೀರವಾದ ಮಾತು. ಅದನ್ನು ಉಪಯೋಗಿಸದಿರುವುದು ಇಂದು ಕಂಪನಿಯ ಸೌಜನ್ಯಕ್ಕೆ ಬಿಟ್ಟದ್ದಾಗಿದೆ. ನಾಳೆ ಅಲ್ಲಿ ಬೇರೆ ಮ್ಯಾನೇಜರು ಬರಬಹುದು, ನಷ್ಟದ ವರ್ಷವೂ ಬರಬಹುದು.

ಇದಕ್ಕೆ ಕೆಲವು ವ್ಯಾವಹಾರಿಕ ಪುರುಷರು ಒಂದು ಆಕ್ಷೇಪವನ್ನು ತರುವರು. ಸಂತೆಯಲ್ಲಿ ಬಳೆಗಾರನೂ ಟಾಂಗಾದವನೂ ಗಿರಾಕಿಯ ರುಮಾಲನ್ನು ನೋಡಿ ಬೆಲೆ ಹೇಳುತ್ತಿರಲಿಲ್ಲವೇ? ರೈಲಿನಲ್ಲಿ ತರಗತಿಗಳಿಲ್ಲವೇ? ಇದರಲ್ಲಿ ಹೊಸದೇನು? ಎಂದು ಅವರು ಕೇಳುವರು. ಪ್ರಶ್ನೆಯು ಯೋಗ್ಯವಾದುದೇ, ಉತ್ತರವನ್ನೂ ನೇರವಾಗಿಯೇ ಕೊಡಬೇಕು. ಸಂತೆಯಲ್ಲಿ ಬೆಲೆ ಹೇಳುವವನ ಮುಖವು ನಮಗೂ ಕಾಣುತ್ತಿತ್ತು. ಅವನು ನಮ್ಮ ರುಮಾಲನ್ನು ನೋಡಿದಂತೆ ನಾವು ಅವನ ಮಾಲನ್ನು ಮುಟ್ಟಿ ನೋಡುತ್ತಿದ್ದೆವು, ಪಕ್ಕದವನಿಗೆ ಹೇಳಿದ ಬೆಲೆಯು ನಮ್ಮ ಕಿವಿಗೆ ಬೀಳುತ್ತಿತ್ತು, ಚೌಕಾಸಿಗೆ ಅವಕಾಶವಿತ್ತು, ಒಪ್ಪಿಗೆಯಾಗದಿದ್ದರೆ ಮುಂದಿನ ಅಂಗಡಿಯು ಹತ್ತು ಹೆಜ್ಜೆಯ ಮೇಲಿತ್ತು. ಆ್ಯಪಿನ ಸಂತೆಯಲ್ಲಿ ಇವು ಒಂದೂ ಇಲ್ಲ. ಪ್ರತಿಯೊಬ್ಬ ಗಿರಾಕಿಯನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂಡಿಸಿ, ಬಾಗಿಲು ಹಾಕಿ, ಕಿವಿಯಲ್ಲಿ ಬೆಲೆಯನ್ನು ಹೇಳಿದಂತೆ ಅಲ್ಲಿಯ ವ್ಯವಹಾರ. ರೈಲಿನ ತರಗತಿಯಾದರೋ ಕೊಳ್ಳುವವನೇ ಆರಿಸಿಕೊಂಡದ್ದು, ಹೆಚ್ಚಿನ ಹಣಕ್ಕೆ ಹೆಚ್ಚಿನ ಸೌಕರ್ಯವನ್ನು ಪಡೆಯುವಂಥದು. ಐಫೋನ್ ಹಿಡಿದು ಕುಳಿತವನಿಗೆ ಟ್ಯಾಕ್ಸಿಯ ಗದ್ದುಗೆಯು ಹೆಚ್ಚು ಮೆತ್ತಗಾಗುವುದಿಲ್ಲ.

ಸಾಧನದಿಂದ ಬೆಲೆಯು ಬೇರೆಯಾಗುವುದೆಲ್ಲ ಅನ್ಯಾಯವೆಂದೂ ನಾವು ಹೇಳುವುದಿಲ್ಲ. 2023ರ ಫೆಬ್ರವರಿಯಲ್ಲಿ ಆಗಿನ ಟ್ವಿಟರ್ ಕಂಪನಿಯು ನಮ್ಮ ದೇಶದಲ್ಲಿ ತನ್ನ ಚಂದಾ ಪದ್ಧತಿಯನ್ನು ತಂದಾಗ, ಬ್ರೌಸರಿನಿಂದ ಕೊಳ್ಳುವವರಿಗೆ ತಿಂಗಳಿಗೆ 650 ರೂಪಾಯಿ, ಮೊಬೈಲ್ ಆ್ಯಪಿನಿಂದ ಕೊಳ್ಳುವವರಿಗೆ 900 ರೂಪಾಯಿ ಎಂದು ಬಹಿರಂಗವಾಗಿ ಸಾರಿತು. ಆ್ಯಪಿನ ಅಂಗಡಿಯ ಒಡೆಯರು ನಡುವೆ ತೆಗೆದುಕೊಳ್ಳುವ ದಲ್ಲಾಳಿಯು ಅದರ ಕಾರಣವೆಂದು ಎಲ್ಲರಿಗೂ ತಿಳಿದಿತ್ತು. ಖರ್ಚಿನಲ್ಲಿ ಭೇದವಿತ್ತು, ಭೇದವು ಪ್ರಕಟವಾಗಿತ್ತು, ಕಡಿಮೆ ಬೆಲೆಯ ದಾರಿಯು ಎಲ್ಲರಿಗೂ ತೆರೆದಿತ್ತು. ಈ ಮೂರು ಲಕ್ಷಣಗಳಿದ್ದಲ್ಲಿ ದೂರಲು ಕಾರಣವಿಲ್ಲ; ಇವು ಮೂರೂ ಇಲ್ಲದಲ್ಲಿ ಕ್ಷಮಿಸಲು ಕಾರಣವಿಲ್ಲ.

ಇನ್ನು ಕೆಲವರು, ಐಫೋನಿನ ಸಿರಿವಂತರ ಹತ್ತು ಇಪ್ಪತ್ತು ರೂಪಾಯಿಗಾಗಿ ಇಷ್ಟು ಶಾಯಿಯನ್ನು ವ್ಯಯಮಾಡುವುದೇತಕ್ಕೆ, ನಮ್ಮ ದೇಶದ ಫೋನುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಆಂಡ್ರಾಯ್ಡ್ ಫೋನುಗಳೇ ಅಲ್ಲವೇ ಎಂದು ನಗಬಹುದು. ಅವರು ವಿಷಯದ ಆಳಕ್ಕೆ ಹೋದವರಲ್ಲ. ಮೊದಲನೆಯದಾಗಿ, ಫೋನು ಸಿರಿತನದ ನಂಬತಕ್ಕ ಸಾಕ್ಷಿಯೇ ಅಲ್ಲ. ಕಂತಿನ ಮೇಲೆ ಕೊಂಡು ಪ್ರತಿ ತಿಂಗಳೂ ಸಾಲ ತೀರಿಸುತ್ತಿರುವ ಗುಮಾಸ್ತನ ಕೈಯಲ್ಲಿಯೂ, ಅಣ್ಣನು ಬಳಸಿ ಬಿಟ್ಟುದನ್ನು ಹಿಡಿದ ವಿದ್ಯಾರ್ಥಿಯ ಕೈಯಲ್ಲಿಯೂ ಅದೇ ಐಫೋನ್ ಇರುತ್ತದೆ. ಎರಡನೆಯದಾಗಿ, ತಕ್ಕಡಿಯು ಒಂದೇ ಕಡೆಗೆ ವಾಲುತ್ತದೆಂಬ ಭರವಸೆಯೂ ಇಲ್ಲ. ಟ್ರಾವೆಲಾಸಿಟಿಯಲ್ಲಿ ಸೋಡಿಯು ಆ್ಯಪಲ್ಲಿನವರಿಗೇ ದೊರೆಯಿತೆಂಬುದನ್ನು ಮೇಲೆ ಹೇಳಿದ್ದೇವೆ. ಹಳೆಯ ಫೋನಿನ ಬಡವನು ನಾಲ್ಕು ಆ್ಯಪುಗಳನ್ನು ತೆರೆದು ಬೆಲೆಯನ್ನು ಹೋಲಿಸಲಾರನು, ಅವನಿಗೆ ಬೇರೆ ಗತಿಯಿಲ್ಲ ಎಂದು ಯಂತ್ರವು ಕಲಿತುಕೊಂಡರೆ, ಹೆಚ್ಚಿನ ದರವು ಅವನ ತಲೆಯ ಮೇಲೆಯೇ ಬೀಳುವುದು. ಲೆಕ್ಕ ಹಾಕುವ ಯಂತ್ರಕ್ಕೆ ಬಡವ ಬಲ್ಲಿದರ ಮೇಲೆ ಪ್ರೀತಿದ್ವೇಷಗಳಿಲ್ಲ. ಯಾರು ಎಷ್ಟನ್ನು ಸಹಿಸಿಕೊಂಡಾರು ಎಂಬುದೊಂದೇ ಅದರ ಪ್ರಶ್ನೆ. ಪ್ರಜೆಯ ಸಹನೆಯನ್ನು ಅಳೆದು ಅದರ ಮೇಲೆ ಕರ ಹಾಕುವ ಈ ನೀತಿಯನ್ನು ಯಾವ ವರ್ಗದ ಮೇಲೆ ಪ್ರಯೋಗಿಸಿದರೂ ಅದು ಖಂಡನೀಯವೇ.

ನಮ್ಮ ರಾಜ್ಯ ಸರಕಾರವು 2024ರ ಫೆಬ್ರವರಿಯಲ್ಲಿ ನಗರದ ಟ್ಯಾಕ್ಸಿಗಳಿಗೂ ಆ್ಯಪಿನ ಟ್ಯಾಕ್ಸಿಗಳಿಗೂ ಏಕರೂಪದ ದರವನ್ನು ಗೊತ್ತುಪಡಿಸಿದಾಗ ಹಿಡಿದ ಮಾರ್ಗವನ್ನು ಇದರೊಡನೆ ಹೋಲಿಸಿ ನೋಡಿರಿ. 10 ಲಕ್ಷ ರೂಪಾಯಿಯೊಳಗಿನ ಬೆಲೆಯ ವಾಹನಕ್ಕೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಅನಂತರ ಕಿಲೋಮೀಟರಿಗೆ 24 ರೂಪಾಯಿ. ಅದಕ್ಕೆ ಮೇಲ್ಪಟ್ಟ ಬೆಲೆಯ ವಾಹನಗಳಿಗೆ ಹೆಚ್ಚಿನ ದರ ಎಂದು ಅದು ವಿಧಿಸಿತು. ಆ ದರಗಳ ಪ್ರಮಾಣವು ಸರಿಯೋ ತಪ್ಪೋ, ಅದು ಬೇರೆ ಚರ್ಚೆ. ಆದರೆ ತತ್ತ್ವವು ನೇರವಾದದ್ದು: ಪ್ರಯಾಣಿಕನು ಯಾವ ವಾಹನದಲ್ಲಿ ಕುಳಿತುಕೊಳ್ಳುತ್ತಾನೋ ಅದರ ಬೆಲೆಗೆ ತಕ್ಕ ಬಾಡಿಗೆ. ಪ್ರಯಾಣಿಕನ ಜೇಬಿನಲ್ಲಿರುವ ವಸ್ತುವಿನ ಬೆಲೆಗೆ ತಕ್ಕ ಬಾಡಿಗೆ ಎಂಬ ತತ್ತ್ವವನ್ನು ಯಾವ ಸರಕಾರವೂ ಬರೆದಿಲ್ಲ, ಯಾವ ಶಾಸನಸಭೆಯೂ ಒಪ್ಪಲಾರದು.

ಕಾಯದೆಯು ಏನು ಹೇಳುತ್ತದೆ? 2019ರ ಗ್ರಾಹಕ ಸಂರಕ್ಷಣಾ ಕಾಯದೆಯ ಆಶ್ರಯದಲ್ಲಿ 2020ರಲ್ಲಿ ಆದ ಇ-ವಾಣಿಜ್ಯ ನಿಯಮಗಳಲ್ಲಿ, ಒಂದೇ ವರ್ಗದ ಗ್ರಾಹಕರೊಳಗೆ ಭೇದವನ್ನೆಣಿಸಬಾರದೆಂದೂ, ಅವರ ಹಕ್ಕುಗಳಿಗೆ ಬಾಧಕವಾಗುವಂತೆ ಮನಬಂದ ವರ್ಗೀಕರಣವನ್ನು ಮಾಡಬಾರದೆಂದೂ ಸ್ಪಷ್ಟವಾದ ನಿಷೇಧವಿದೆ. ಆದರೆ ವರ್ಗವೆಂದರೆ ಏನು? ಐಫೋನಿನವರು ಒಂದು ವರ್ಗ, ಆಂಡ್ರಾಯ್ಡಿನವರು ಇನ್ನೊಂದು ವರ್ಗ ಎಂದು ಚತುರನಾದ ವಕೀಲನೊಬ್ಬನು ವಾದಿಸಿದರೆ ಅವನ ಬಾಯಿ ಮುಚ್ಚಿಸುವ ಮಾತು ಆ ನಿಯಮದಲ್ಲಿ ಇಲ್ಲ. 2023ರ ನವೆಂಬರ್ 30ರಂದು ಹೊರಟ ಮಾರ್ಗಸೂಚಿಯು ಗ್ರಾಹಕರನ್ನು ಮರುಳುಗೊಳಿಸುವ 13 ಬಗೆಯ ವಂಚಕ ವಿನ್ಯಾಸಗಳನ್ನು ಹೆಸರಿಸಿತು. ಫೋನು ನೋಡಿ ದರ ಹೇಳುವುದು ಅವುಗಳಲ್ಲಿ ಬೇರೆಯಾದ ಹೆಸರಿನಿಂದ ಸೇರಿಲ್ಲ. 2023ರ ವೈಯಕ್ತಿಕ ದತ್ತಾಂಶ ಕಾಯದೆಗೆ ನಿಯಮಗಳು 2025ರ ನವೆಂಬರ್ ತಿಂಗಳಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳನ್ನು ಜಾರಿಗೆ ತರಲು ಹದಿನೆಂಟು ತಿಂಗಳ ಅವಧಿಯನ್ನು ಕೊಡಲಾಯಿತು. ಅದರಲ್ಲಿ ನಮಗೆ ಸಂತೋಷವನ್ನುಂಟುಮಾಡುವ ಮಾತೊಂದಿದೆ: ಒಪ್ಪಿಗೆಯನ್ನು ಕೇಳುವ ತಿಳಿವಳಿಕೆಯ ಪತ್ರವು ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ದೊರೆಯುವಂತಿರಬೇಕು. ಕನ್ನಡಿಗನು ತನ್ನ ಫೋನು ತನ್ನ ಬಗ್ಗೆ ಏನು ಹೇಳುತ್ತದೆಯೆಂಬುದನ್ನು ಕನ್ನಡದಲ್ಲಿಯೇ ಓದಿ ತಿಳಿಯುವ ಹಕ್ಕನ್ನು ಬಿಟ್ಟುಕೊಡತಕ್ಕದ್ದಲ್ಲ.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಸಾಕ್ಷ್ಯದ್ದು. ಎರಡು ಫೋನುಗಳನ್ನು ಪಕ್ಕದಲ್ಲಿಟ್ಟು ತೆಗೆದ ಚಿತ್ರವು ಕಣ್ಣಿಗೆ ಕಟ್ಟುವಂಥದಾದರೂ ನ್ಯಾಯಾಸ್ಥಾನದ ಮುಂದೆ ನಿಲ್ಲಲಾರದು. ಬಾಡಿಗೆಯು ನಿಮಿಷ ನಿಮಿಷಕ್ಕೂ ಬದಲಾಗುತ್ತದೆ; ಎರಡು ಫೋನುಗಳು ತೋರಿಸುವ ಸ್ಥಳಗಳಲ್ಲಿ ಹತ್ತಾರು ಮೀಟರುಗಳ ಅಂತರವಿರಬಹುದು; ಒಬ್ಬನ ಖಾತೆಗೆ ಸೋಡಿಯ ಕೂಪನ್ನು ಇರಬಹುದು, ಇನ್ನೊಬ್ಬನದಕ್ಕೆ ಇಲ್ಲದಿರಬಹುದು. ನಿಜವಾದ ಪರೀಕ್ಷೆಯೆಂದರೆ, ಒಂದೇ ಸ್ಥಳದಿಂದ, ಒಂದೇ ಕ್ಷಣದಲ್ಲಿ, ಹೊಸದಾಗಿ ತೆರೆದ ಖಾತೆಗಳಿಂದ, ಸಾಧನದ ಹೆಸರನ್ನು ಮಾತ್ರ ಬದಲಿಸುತ್ತ ಸಾವಿರಾರು ಸಾರಿ ದರವನ್ನು ಕೇಳಿ ನೋಡುವುದು. ಅಷ್ಟಾದರೂ ಲೆಕ್ಕವು ನಡೆಯುವುದು ನಮ್ಮ ಫೋನಿನಲ್ಲಲ್ಲ, ಕಂಪನಿಯ ಸರ್ವರಿನಲ್ಲಿ. ಆ ಕೋಣೆಯ ಬೀಗದ ಕೈಯು ಕಂಪನಿಯ ಸೊಂಟದಲ್ಲಿರುವಾಗ, ದೂರು ಕೊಟ್ಟ ಪ್ರಯಾಣಿಕನೇ ಸಿದ್ಧಪಡಿಸಿ ತೋರಿಸಲೆಂದು ಹೇಳುವುದು, ಕಣ್ಣು ಕಟ್ಟಿ ದಾರಿ ತೋರಿಸೆಂದು ಹೇಳಿದಂತೆಯೇ ಸರಿ. ಇದರಿಂದ ಪ್ರಾಮಾಣಿಕ ಕಂಪನಿಗೂ ನಷ್ಟವೇ. ತಪ್ಪು ಮಾಡದಿದ್ದರೂ ಜನರ ಸಂಶಯದಿಂದ ಬಿಡುಗಡೆ ಹೊಂದುವ ಮಾರ್ಗವು ಅದಕ್ಕೂ ಇಲ್ಲ.

ಅನ್ಯದೇಶಗಳು ಸುಮ್ಮನೆ ಕುಳಿತಿಲ್ಲ. ಯಂತ್ರವು ತಾನೇ ನಿರ್ಣಯಿಸಿ ವ್ಯಕ್ತಿವ್ಯಕ್ತಿಗೂ ಬೇರೆಯಾದ ಬೆಲೆಯನ್ನು ಹೇಳಿದರೆ ಅದನ್ನು ಕೊಳ್ಳುವವನಿಗೆ ತಿಳಿಸಲೇಬೇಕೆಂಬ ನಿಯಮವು ಯುರೋಪಿನ ಒಕ್ಕೂಟದಲ್ಲಿ 2022ರ ಮೇ 28ರಿಂದ ಜಾರಿಗೆ ಬಂದಿದೆ. ಗ್ರಾಹಕನ ವೈಯಕ್ತಿಕ ಸಂಗತಿಗಳನ್ನು ಉಪಯೋಗಿಸಿ ಯಂತ್ರಗಣಿತವು ಈ ಬೆಲೆಯನ್ನು ಗೊತ್ತುಮಾಡಿದೆಯೆಂದು ಬೆಲೆಯ ಬಳಿಯಲ್ಲಿಯೇ ಬರೆಯಬೇಕೆಂಬ ಕಾಯದೆಯನ್ನು ನ್ಯೂಯಾರ್ಕ್ ರಾಜ್ಯವು 2025ರಲ್ಲಿ ಮಾಡಿತು. ವ್ಯಾಪಾರದ ತವರುಮನೆಯೆನಿಸಿದ ಆ ರಾಜ್ಯವೇ ಇದನ್ನು ವ್ಯಾಪಾರದ್ರೋಹವೆಂದು ತಿಳಿಯಲಿಲ್ಲವೆಂಬುದನ್ನು ನಮ್ಮ ಅಧಿಕಾರಿಗಳು ಮನಸ್ಸಿಗೆ ತಂದುಕೊಳ್ಳಲಿ.

ನಮ್ಮ ಸೂಚನೆಗಳು ಸರಳವಾಗಿವೆ. ಮೊದಲನೆಯದಾಗಿ, ಪುಟವನ್ನು ಜೋಡಿಸಲು ಕೇಳಿದ ಸಾಧನದ ಗುರುತು ದರದ ಲೆಕ್ಕದೊಳಗೆ ಪ್ರವೇಶಿಸಕೂಡದೆಂದು 2020ರ ನಿಯಮಗಳಿಗೆ ಒಂದು ಸ್ಪಷ್ಟ ವಾಕ್ಯವನ್ನು ಸೇರಿಸಬೇಕು. ಖರ್ಚಿನಲ್ಲಿ ನಿಜವಾದ ಭೇದವಿದ್ದಲ್ಲಿ ಮಾತ್ರ, ಅದನ್ನು ಬಹಿರಂಗವಾಗಿ ಸಾರಿದವರಿಗೆ ವಿನಾಯಿತಿಯಿರಲಿ. ಎರಡನೆಯದಾಗಿ, ದೂರ, ಕಾಲ, ಬೇಡಿಕೆ, ಸೋಡಿ ಇವುಗಳಲ್ಲಿ ಯಾವುವು ಎಷ್ಟೆಷ್ಟು ಸೇರಿ ಈ ಬಾಡಿಗೆಯಾಯಿತೆಂಬುದನ್ನು ಪಾವತಿಯ ಚೀಟಿಯಲ್ಲಿ, ಈ ರಾಜ್ಯದಲ್ಲಿ ಕನ್ನಡದಲ್ಲಿಯೂ, ಬರೆದುಕೊಡಬೇಕು. ಮೂರನೆಯದಾಗಿ, ದರದ ಲೆಕ್ಕದ ದಾಖಲೆಗಳನ್ನು ಗೊತ್ತಾದ ಅವಧಿಯ ತನಕ ಕಾಪಾಡಿಡುವಂತೆಯೂ, ಪ್ರಾಧಿಕಾರದ ಪರೀಕ್ಷಕರು ಮುನ್ಸೂಚನೆಯಿಲ್ಲದೆ ಪರೀಕ್ಷಿಸುವಂತೆಯೂ ಏರ್ಪಾಡಾಗಬೇಕು. ನಾಲ್ಕನೆಯದಾಗಿ, ಪರೀಕ್ಷೆಯ ಫಲವು ಕಂಪನಿಗೆ ಅನುಕೂಲವಾಗಿರಲಿ ಪ್ರತಿಕೂಲವಾಗಿರಲಿ, ಅದನ್ನು ಪೂರ್ತಿಯಾಗಿ ಪ್ರಕಟಿಸಬೇಕು. ನೋಟೀಸು ಕೊಟ್ಟ ದಿನ ಮೊಳಗುವ ನಗಾರಿಯು ತೀರ್ಮಾನದ ದಿನವೂ ಮೊಳಗದಿದ್ದರೆ, ಜನರಿಗೆ ಕಾಯದೆಯ ಮೇಲಿನ ವಿಶ್ವಾಸವೇ ಹೋಗುವುದು.

ಇದು ಅಸಾಧ್ಯವೆಂದು ಯಾರೂ ಹೇಳಬೇಕಾಗಿಲ್ಲ. ನಮ್ಮ ಊರುಗಳ ಆಟೋ ರಿಕ್ಷಾದ ಮೀಟರನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯವರು ಪರೀಕ್ಷಿಸಿ ಮೊಹರು ಹಾಕುತ್ತಾರೆ. ಕಿರಾಣಿ ಅಂಗಡಿಯವನ ತೂಕದ ಕಲ್ಲಿಗೂ ಮೊಹರಿಲ್ಲದಿದ್ದರೆ ದಂಡವಿದೆ. ಆಟೋ ಚಾಲಕನೂ ಕಿರಾಣಿಯವನೂ ಇದರಿಂದ ತಮ್ಮ ಗೌರವಕ್ಕೆ ಕುಂದಾಯಿತೆಂದು ಎಣಿಸಲಿಲ್ಲ. ಸಾವಿರ ರೂಪಾಯಿಯ ಬಂಡವಾಳದವನ ತಕ್ಕಡಿಯನ್ನು ಪರೀಕ್ಷಿಸುವ ಸರಕಾರವು, ಸಾವಿರಾರು ಕೋಟಿಯ ಬಂಡವಾಳದವನ ತಕ್ಕಡಿಯ ಮುಂದೆ ನಿಂತು ಅವನ ಬಾಯಿಮಾತನ್ನೇ ಪ್ರಮಾಣವೆಂದು ಸ್ವೀಕರಿಸುವುದು ಸಮನ್ಯಾಯವಲ್ಲ.

ನಾಗರಿಕರಿಗೂ ಒಂದು ಮಾತು. ಒಂದೇ ಆ್ಯಪಿನ ಮಾತನ್ನು ವೇದವಾಕ್ಯವೆಂದು ತಿಳಿಯದೆ ಎರಡು ಮೂರನ್ನು ಹೋಲಿಸಿ ನೋಡುವುದು, ದರದ ಚಿತ್ರವನ್ನು ವೇಳೆಯೊಡನೆ ಉಳಿಸಿಕೊಳ್ಳುವುದು, ಸಂಶಯ ಬಂದಾಗ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ 1915ನೆಯ ಸಂಖ್ಯೆಗೆ ದೂರನ್ನು ದಾಖಲಿಸುವುದು, ಇಷ್ಟನ್ನು ಮಾಡಲು ಯಾವ ಪಾಂಡಿತ್ಯವೂ ಬೇಡ. ಹತ್ತು ರೂಪಾಯಿಗಾಗಿ ಯಾರು ಗೋಳಾಡುವರೆಂದು ಪ್ರತಿಯೊಬ್ಬನೂ ಸುಮ್ಮನಿದ್ದರೆ, ಆ ಸುಮ್ಮನಿರುವಿಕೆಯೇ ಮುಂದಿನ ದರದ ಆಧಾರವಾಗುವುದು.

ಬೆಲೆಯೆಂಬುದು ಮಾಲಿಗೆ ಕಟ್ಟುವುದೇ ಹೊರತು ಮನುಷ್ಯನಿಗೆ ಕಟ್ಟುವುದಲ್ಲ. ಕೊಳ್ಳುವವನು ಮಾರುವವನ ವಸ್ತುವನ್ನು ಪರೀಕ್ಷಿಸುವುದು ವ್ಯಾಪಾರ. ಮಾರುವವನು ಕೊಳ್ಳುವವನಿಗೆ ತಿಳಿಯದಂತೆ ಅವನನ್ನೇ ಪರೀಕ್ಷಿಸಿ ಬೆಲೆ ಕಟ್ಟುವುದು ವ್ಯಾಪಾರವಲ್ಲ. ಈ ಭೇದವನ್ನು ಕಾಯದೆಯ ಅಕ್ಷರದಲ್ಲಿ ಬರೆದು, ಅದನ್ನು ಪಾಲಿಸುತ್ತಿರುವರೆಂಬುದಕ್ಕೆ ಮೊಹರು ಹಾಕುವ ಹೊಣೆಯು ಸರಕಾರದ್ದು. ಆ ಹೊಣೆಯನ್ನು ಅದು ತಡಮಾಡದೆ ನಿರ್ವಹಿಸಲೆಂದು ನಾವು ಒತ್ತಾಯಪಡಿಸುತ್ತೇವೆ.